ಬೋರ್ಡಿಗೆ ಬೆಲೆ, ಪುಸ್ತಕಕ್ಕೆ ತೂಕ

ಹಳೆಯ ಕಾರಿನ ಸಾಮಾನು ಮಾರುವ ಅಂಗಡಿಗೆ ಒಂದೇ ದಿನ ಎರಡು ವಸ್ತು ಬಂದವು ಎಂದುಕೊಳ್ಳೋಣ. ಒಂದು, ಬರ್ಮಾ ಶೆಲ್ ಪೆಟ್ರೋಲ್ ಬಂಕಿನಿಂದ ಕಿತ್ತು ತಂದ ಎನಾಮಲ್ ಬೋರ್ಡು. ಇನ್ನೊಂದು, ಎಂದೋ ಬಾಗಿಲು ಹಾಕಿದ ಡೀಲರ್ ವರ್ಕ್‌ಶಾಪಿನ ಕಪಾಟಿನಲ್ಲಿದ್ದ ಫಿಯೆಟ್ 1100ರ ಸ್ಪೇರ್ ಪಾರ್ಟ್ಸ್ ಪುಸ್ತಕ; ಪುಟಪುಟಕ್ಕೂ ಮೆಕ್ಯಾನಿಕ್ಕಿನ ಎಣ್ಣೆಗೈಯ ಗುರುತು. ಬೋರ್ಡನ್ನು ಒರೆಸಿ, ಗೋಡೆಗೆ ಒರಗಿಸಿ, ಸಾವಿರಗಳಲ್ಲಿ ಬೆಲೆ ಹೇಳುತ್ತಾರೆ. ಪುಸ್ತಕ ರದ್ದಿಯ ತಕ್ಕಡಿಗೆ ಹೋಗುತ್ತದೆ. ಈ ವ್ಯಾಪಾರದ ಬಗ್ಗೆ ನನಗಿರುವ ತಕರಾರೆಲ್ಲ ಈ ಎರಡು ಬೆಲೆಗಳ ನಡುವೆ ಇದೆ. ಗೋಡೆಗೆ ಒಪ್ಪುವುದನ್ನು ಮಾತ್ರ ಅಮೂಲ್ಯವೆಂದು ನಂಬಿದ ಮಾರುಕಟ್ಟೆ ಕ್ರಮೇಣ ತನ್ನ ಸರಕನ್ನು ತಾನೇ ಗುರುತಿಸಲಾರದೆ ಹೋಗುತ್ತದೆ. ನಮ್ಮಲ್ಲಿ ಆಗುತ್ತಿರುವುದು ಅದೇ.

ಮೆಚ್ಚಬೇಕಾದದ್ದನ್ನು ಮೊದಲೇ ಮೆಚ್ಚಿಬಿಡುತ್ತೇನೆ. ಭಾರತದಲ್ಲಿ ಹಳೆಯ ಕಾರುಗಳು ಇಷ್ಟಾದರೂ ಉಳಿದಿದ್ದರೆ ಅದರಲ್ಲಿ ದೊಡ್ಡ ಪಾಲು ಗುಜರಿಯವರದು. ಫೋರ್ಡ್ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಇಲ್ಲಿಗೆ ಬಂದು, ಹೊರದೇಶದಿಂದ ಬಂದ ಭಾಗಗಳನ್ನು ಜೋಡಿಸಿ ಕಾರು ಮಾರುತ್ತಿದ್ದವು. ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಬೇಡ ಎಂದು 1953ರಲ್ಲಿ ಟ್ಯಾರಿಫ್ ಕಮಿಷನ್ ಶಿಫಾರಸು ಮಾಡಿತು, ಸರ್ಕಾರ ಒಪ್ಪಿತು, ಎರಡೂ ಕಂಪನಿಗಳು ಗಂಟುಮೂಟೆ ಕಟ್ಟಿದವು. ರಸ್ತೆಯಲ್ಲಿದ್ದ ಶೆವರ್ಲೆ, ಬ್ಯೂಕ್, ಫೋರ್ಡ್‌ಗಳಿಗೆ ಸ್ಪೇರ್ ಬರುವ ದಾರಿ ಮುಚ್ಚಿತು. ಆದರೆ ಕಾರುಗಳು ಓಡುವುದನ್ನು ನಿಲ್ಲಿಸಲಿಲ್ಲ. ಪೆಟ್ರೋಲ್ ಎಂಜಿನ್ ಕೈಕೊಟ್ಟಾಗ ಪರ್ಕಿನ್ಸ್ ಡೀಸೆಲ್ ಕೂರಿಸಿದರು, ಗೇರ್‌ಬಾಕ್ಸನ್ನು ಜೀಪಿನಿಂದ ತಂದರು, ಸಿಗದ ಬುಷ್ ಅನ್ನು ಲೇತ್‌ನಲ್ಲಿ ಕಡೆದರು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಗಲ್ಲಿಗಳು, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ಮುಂಬೈನ ಚೋರ್ ಬಜಾರ್ ಬೆಳೆದದ್ದು ಈ ಕೊರತೆಯ ಮೇಲೆ.

ಅಲ್ಲಿನ ಹಳಬರಲ್ಲಿ ಒಂದು ವಿದ್ಯೆಯಿದೆ. ಯಾವುದರದ್ದು ಯಾವುದಕ್ಕೆ ಕೂರುತ್ತದೆ ಎನ್ನುವ ವಿದ್ಯೆ. ಅಂಬಾಸಡರಿನ 1489 ಸಿಸಿ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಂಶದ್ದು. ಎಂಜಿಎ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಅದೇ ವಂಶದ್ದು. ಯಾವ ಭಾಗ ಹೊಂದುತ್ತದೆ, ಯಾವುದು ಹೊಂದಿದಂತೆ ಕಂಡು ಆಮೇಲೆ ಕೈ ಕೊಡುತ್ತದೆ ಎಂಬುದನ್ನು ಗುಜರಿಯವರು ಮುಟ್ಟಿ ನೋಡಿ ಹೇಳುತ್ತಾರೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಕಾರಿನ ಬೋಲ್ಟಿಗೆ ವಿಟ್‌ವರ್ತ್ ಥ್ರೆಡ್, ಫಿಯೆಟ್‌ಗೆ ಮೆಟ್ರಿಕ್. ಬೇರೆ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು ಎಂದು ಹುಡುಗನಿಗೆ ಗದರುವವರೂ ಅವರೇ. ಈ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ, ಬರೆದಿಟ್ಟವರೂ ಇಲ್ಲ. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸರಕು ಇದೇ ಎಂದು ನಾನು ನಂಬುತ್ತೇನೆ. ಅದಕ್ಕೆ ಚೂರು ಹತ್ತಿರ ಬರುವ ಇನ್ನೊಂದು ವಸ್ತುವೆಂದರೆ ರದ್ದಿಗೆ ಹೋದ ಆ ಪುಸ್ತಕ.

ಇದೇ ವ್ಯಾಪಾರಕ್ಕೆ ಇನ್ನೊಂದು ಮುಖವಿದೆ. ಚೆನ್ನಾಗಿರುವ ಕಾರನ್ನು ಬಿಡಿಯಾಗಿ ಮಾರಿದರೆ ಇಡೀ ಕಾರಿಗಿಂತ ಹೆಚ್ಚು ದುಡ್ಡು ಹುಟ್ಟುವ ಕಾಲ ಬಂದಿದೆ. ಸ್ಟೀರಿಂಗ್ ಚಕ್ರ ಒಬ್ಬರಿಗೆ, ಮುಂದಿನ ಗ್ರಿಲ್ಲು ಇನ್ನೊಬ್ಬರಿಗೆ, ಬಾನೆಟ್ ಮೇಲಿನ ಲಾಂಛನ ಯಾರದೋ ಮೇಜಿಗೆ, ಸೀಟು ಕಾಫಿ ಅಂಗಡಿಯ ಸೋಫಾಕ್ಕೆ. ಒಂದು ಮಾದರಿ ರಸ್ತೆಯಿಂದ ಮರೆಯಾದಾಗ ಈ ಆಸೆ ಹೆಚ್ಚುತ್ತದೆ. 2023ರ ಅಕ್ಟೋಬರ್ ಕೊನೆಗೆ ಮುಂಬೈನಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಇಡೀ ಕಾರಿನ ನೆನಪನ್ನು ಅದರ ಮೀಟರಿಗೋ ಹೆಸರಿನ ಪಟ್ಟಿಗೋ ಇಳಿಸಿ ಶೋಕೇಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸಕ್ಕೆ ಇಂಥ ಗಳಿಗೆಗಳು ಇಂಬು ಕೊಡುತ್ತವೆ. ಮೀಟರನ್ನು ಇಟ್ಟುಕೊಂಡವರ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಪ್ರೀತಿಗೆ ಸರಕು ಒದಗಿಸಲು ಓಡಬಲ್ಲ ಕಾರನ್ನು ಕೊಚ್ಚಿದರೆ ಅದು ತಪ್ಪು. ಚಾಸಿ ನೆಟ್ಟಗಿದ್ದು ಆರ್‌ಸಿ ಪುಸ್ತಕ ಕೈಯಲ್ಲಿದ್ದರೆ ಆ ಕಾರನ್ನು ಬಿಚ್ಚಬಾರದು. ತಳ ತುಕ್ಕು ಹಿಡಿದು ಉದುರುತ್ತಿದ್ದರೆ, ಚಾಸಿ ತಿರುಚಿದ್ದರೆ, ಬಿಚ್ಚಲಿ. ಅದರ ಬಾಗಿಲು, ಗಾಜು, ಆಕ್ಸಲ್‌ಗಳು ಬೇರೆ ನಾಲ್ಕು ಕಾರುಗಳನ್ನು ಎಬ್ಬಿಸುತ್ತವೆ.

ಇವೆಲ್ಲಕ್ಕಿಂತ ಕೆಟ್ಟದ್ದು ಚಾಸಿ ನಂಬರಿನ ತಗಡನ್ನು ಬಿಡಿಯಾಗಿ ಮಾರುವುದು. ಕೈಯಗಲದ ಆ ತಗಡು ಮತ್ತು ಹಳೆಯ ಕಾಗದ ಸಿಕ್ಕರೆ ಸಾಕು, ಅದರ ಸುತ್ತ ಇನ್ನೊಂದು ಕಾರನ್ನೇ ಕಟ್ಟಿ ‘ಇದೇ ಅದು’ ಎನ್ನಬಹುದು. ಲೋಕದ ಎಲ್ಲ ಕಡೆಯೂ ಈ ಮೋಸವಿದೆ. ಅದನ್ನು ‘ಐಡೆಂಟಿಟಿ ಪ್ಲೇಟ್, ಸಂಗ್ರಹಕ್ಕೆ’ ಎಂದು ನಯವಾಗಿ ಮಾರುವವರಿಂದ ಬೇರೆ ಏನನ್ನೂ ಕೊಳ್ಳಬಾರದು ಎನ್ನುವಷ್ಟು ನಾನು ಈ ವಿಷಯದಲ್ಲಿ ಕಠಿಣ.

‘ಓಲ್ಡ್ ಸ್ಟಾಕ್’ ಎನ್ನುವ ಮಾತಿಗೆ ಬರೋಣ. ಅಂದು ತಯಾರಾಗಿ, ಯಾವ ಕಾರಿಗೂ ಹಾಕದೆ, ಡಬ್ಬದಲ್ಲಿಯೇ ಉಳಿದ ಮಾಲು. ಡಬ್ಬದ ಮೇಲೆ ಹಳೆಯ ಅಕ್ಷರ ಕಂಡರೆ ಸಂಗ್ರಾಹಕರ ಕೈ ನಡುಗುತ್ತದೆ. ಹೆಡ್‌ಲೈಟಿನ ಗಾಜು, ಬಾಗಿಲ ಹಿಡಿ, ಗೇರ್ ಚಕ್ರ, ಎರಕದ ಭಾಗಗಳು ಹೀಗೆ ಸಿಕ್ಕರೆ ನಿಜಕ್ಕೂ ಅದೃಷ್ಟ. ಈಗ ಅಷ್ಟು ಚೆನ್ನಾಗಿ ಮಾಡಿಸುವುದು ಕಷ್ಟ. ರಬ್ಬರಿನ ಮಾತು ಬೇರೆ. ಬ್ರೇಕ್ ಸಿಲಿಂಡರಿನೊಳಗಿನ ವಾಷರ್ ಡಬ್ಬದಲ್ಲಿ ಕೂತೇ ಗಟ್ಟಿಯಾಗುತ್ತದೆ, ಅಂಚು ಸೀಳುತ್ತದೆ. ನಲವತ್ತು ವರ್ಷ ಹಳೆಯ ಬ್ರೇಕ್ ಕಿಟ್‌ಗೆ ಹೆಚ್ಚು ಬೆಲೆ ಕೇಳಿ ‘ಕಂಪನಿ ಮಾಲು ಸಾರ್’ ಎಂದು ಮಾರುವವರು ಕೊಳ್ಳುವವರ ಪ್ರಾಣವನ್ನು ಪಣಕ್ಕಿಡುತ್ತಾರೆ. ಬ್ರೇಕು, ಟೈರು, ಪೆಟ್ರೋಲ್ ಪೈಪುಗಳ ವಿಷಯದಲ್ಲಿ ಹೊಸದಾಗಿ ಮಾಡಿದ ‘ಲೋಕಲ್’ ಮಾಲು, ತಾನು ಹೊಸದೆಂದು ಹೇಳಿಕೊಂಡು ಬಂದರೆ, ಹಳೆಯ ಅಸಲಿಗಿಂತ ಶ್ರೇಷ್ಠ. ತನ್ನನ್ನು ಅಸಲಿಯೆಂದು ಕರೆದುಕೊಳ್ಳುವವರೆಗೂ ನಕಲು ಪ್ರಾಮಾಣಿಕ ವಸ್ತುವೇ.

ಅಸಲಿಯನ್ನು ಗುರುತಿಸಲು ವಸ್ತುವಿನ ಮೇಲೆಯೇ ಬರಹವಿರುತ್ತದೆ, ಓದುವ ತಾಳ್ಮೆ ಬೇಕು. ಲ್ಯೂಕಾಸ್ ಕಂಪನಿ ತನ್ನ ಡೈನಮೊ, ಡಿಸ್ಟ್ರಿಬ್ಯೂಟರ್‌ಗಳ ಮೇಲೆ ಭಾಗದ ಸಂಖ್ಯೆಯ ಜೊತೆಗೆ ತಯಾರಾದ ತಿಂಗಳು, ವರ್ಷವನ್ನೂ ಒತ್ತುತ್ತಿತ್ತು. 1954ರ ಕಾರಿನಲ್ಲಿ 1961ರ ಡೈನಮೊ ಇದ್ದರೆ ಅದು ದೋಷವಲ್ಲ, ಆ ಕಾರು ನಿಜವಾಗಿ ಓಡಿದೆ, ರಿಪೇರಿಯಾಗಿದೆ ಎನ್ನುವ ದಾಖಲೆ. ಅದನ್ನು ಉಜ್ಜಿ ಅಳಿಸಿ ಹೊಸ ಅಂಕಿ ಒತ್ತಿಸುವುದು ದೋಷ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾದ ಟ್ಯೂರಿನ್ ಚಾರ್ಟರ್ ಇದನ್ನೇ ಹೇಳುತ್ತದೆ: ಬದಲಿಸಿದ ಭಾಗವನ್ನು ಬದಲಿಸಿದ್ದೆಂದು ಗುರುತಿಸುವಂತಿಡಿ, ಮಾಡಿದ್ದನ್ನು ಬರೆದಿಡಿ. ರ‍್ಯಾಲಿಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಾರಿಗೇ ಬಹುಮಾನ ಕೊಡುವ ನಮ್ಮ ರೂಢಿ ಈ ಮಾತಿಗೆ ವಿರುದ್ಧ ದಿಕ್ಕಿನಲ್ಲಿದೆ. ಆ ಬಹುಮಾನದ ಆಸೆಗೇ ಹಳೆಯ ಬಣ್ಣ, ಹಳೆಯ ಸೀಟುಬಟ್ಟೆ ಕಿತ್ತುಹೋಗುತ್ತವೆ.

ಇನ್ನು ಗೋಡೆಯ ಸರಕು. ಎಸ್ಸೊ 1974ರಲ್ಲಿ, ಬರ್ಮಾ ಶೆಲ್ ಮತ್ತು ಕ್ಯಾಲ್ಟೆಕ್ಸ್ 1976ರಲ್ಲಿ ಸರ್ಕಾರದ ಕೈಗೆ ಬಂದವು. ಬಂಕುಗಳ ಹೆಸರು ಬದಲಾದವು, ಹಳೆಯ ಬೋರ್ಡುಗಳು ಕೆಳಗಿಳಿದವು. ಕೆಲವು ಕೊಟ್ಟಿಗೆಯ ಮಾಡಿಗೆ ತಗಡಾದವು, ಕೆಲವು ಕಾಂಪೌಂಡಿನ ತೂತು ಮುಚ್ಚಿದವು. ಹಾಗೆ ಉಳಿದವು ಈಗ ಹೊರಬರುತ್ತಿವೆ. ಅವು ಉಳಿದದ್ದು ತಯಾರಿಕೆಯ ಗುಣದಿಂದ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಹಚ್ಚಿ ಸುಮಾರು 800 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಪುಡಿ ಕರಗಿ ತಗಡಿಗೆ ಕಚ್ಚಿಕೊಳ್ಳುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಪದರ, ಬೇರೆ ಸುಡುವಿಕೆ. ಆದ್ದರಿಂದಲೇ ಹಳೆಯ ಬೋರ್ಡಿನ ಮೇಲೆ ಬೆರಳಾಡಿಸಿದರೆ ಅಕ್ಷರದ ಅಂಚು ಉಬ್ಬಿರುವುದು ತಿಳಿಯುತ್ತದೆ. ಬಿಸಿಲು ಮಳೆಗೆ ಬಣ್ಣ ಮಾಸುವುದಿಲ್ಲ. ಏಟು ಬಿದ್ದಲ್ಲಿ ಮಾತ್ರ ಚಕ್ಕೆ ಹಾರಿ ಅಲ್ಲಿಂದ ತುಕ್ಕು ಒಳಗೆ ಇಳಿಯುತ್ತದೆ.

ಇದಕ್ಕೆ ಬೆಲೆ ಬಂದ ಮೇಲೆ ನಕಲು ಬಾರದೆ ಇರುತ್ತದೆಯೇ? ತೆಳು ತಗಡು, ಒಂದೇ ಮಟ್ಟದ ಅಚ್ಚು, ಮೊಳೆಯ ತೂತಿನ ಸುತ್ತ ಸುತ್ತಿಗೆಯಿಂದ ಬೇಕೆಂದೇ ಹಾರಿಸಿದ ಚಕ್ಕೆಗಳು, ಅವುಗಳ ಮೇಲೆ ಉಪ್ಪುನೀರೋ ಆಸಿಡ್ಡೋ ಸುರಿದು ಬರಿಸಿದ ತುಕ್ಕು. ನೋಡಿದರೆ ನಾಲ್ಕೂ ಮೂಲೆಯಲ್ಲಿ ಒಂದೇ ವಯಸ್ಸಿನ ತುಕ್ಕು! ಬೋರ್ಡು ಗೋಡೆಗೆ ತಾಗಿಕೊಂಡಿದ್ದ ಕಡೆಗೂ, ಮಳೆ ಹೊಡೆದ ಕಡೆಗೂ ವ್ಯತ್ಯಾಸವಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷೀ ಊರಿನಲ್ಲಿ 1955ರಿಂದ ಹಳೆಯ ಕಾರಿನ ಸಾಮಾನುಗಳ ದೊಡ್ಡ ಸಂತೆ ನಡೆಯುತ್ತದೆ; ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ. ಅಂಥ ಸಂತೆಗಳ ಗಿರಾಕಿಗಳು ಡೀಲರ್ ಬೋರ್ಡು ಕೊಳ್ಳುವಾಗ ಎಚ್ಚರ ವಹಿಸುವ ನಕಲುಗಳಲ್ಲಿ ನಮ್ಮ ದೇಶದಿಂದ ಹೋದವೂ ಇವೆ. ಎನಾಮಲ್ ಕೆಲಸ ಬಲ್ಲ ಕೈಗಳು ನಮ್ಮಲ್ಲಿ ಇನ್ನೂ ಇವೆ ಎಂದು ಇದರಿಂದ ಗೊತ್ತಾಗುತ್ತದೆ, ಮತ್ತು ಆ ಕೈಗಳನ್ನು ಸುಳ್ಳು ವಯಸ್ಸು ಬರಿಸುವ ಕೆಲಸಕ್ಕೆ ಹಚ್ಚಿದ್ದು ನನಗೆ ನೋವಿನ ಸಂಗತಿ. ಅದೇ ಕೈಗಳಿಂದ, ಹಿಂಬದಿಯಲ್ಲಿ ತಯಾರಾದ ವರ್ಷ ಬರೆಸಿ, ಒಳ್ಳೆಯ ಹೊಸ ಬೋರ್ಡು ಮಾಡಿಸಿ ಮಾರಿದರೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಡೀಲರ್‌ಗಳ ನೆನಪಿನ ವಸ್ತುಗಳಲ್ಲಿ ನನಗೆ ನಿಜವಾಗಿ ಇಷ್ಟವಾಗುವುದು ಚಿಕ್ಕವು. ಡ್ಯಾಶ್‌ಬೋರ್ಡಿಗೆ ಹೊಡೆದಿರುತ್ತಿದ್ದ ಡೀಲರ್ ಹೆಸರಿನ ಪುಟ್ಟ ತಗಡು, ಕೀಲಿಗೊಂಚಲು, ಸರ್ವಿಸ್ ಕೂಪನ್ನಿನ ಪುಸ್ತಕ. ಮದ್ರಾಸಿನ ಸಿಂಪ್ಸನ್ ಎಂದೋ ಅಡಿಸನ್ ಎಂದೋ ಬರೆದ ತಗಡು ಕಾರಿನ ಮೇಲಿದ್ದರೆ ಆ ಕಾರು ಯಾವ ಊರಿನಲ್ಲಿ ಮೊದಲು ಮಾರಾಟವಾಯಿತು ಎಂಬುದು ಗೊತ್ತಾಗುತ್ತದೆ. ಕಾರಿನಿಂದ ಕಿತ್ತು ಚೌಕಟ್ಟಿನಲ್ಲಿ ಹಾಕಿದರೆ ಅದೇ ತಗಡು ಬರಿ ಹೆಸರು. ಈ ಕೀಳುವ ವ್ಯಾಪಾರವನ್ನು ಸಂಗ್ರಾಹಕರೇ ನಿಲ್ಲಿಸಬಹುದು. ಯಾವ ಕಾರಿನದು ಎಂದು ಹೇಳಲಾಗದ ತಗಡನ್ನು ಕೊಳ್ಳದಿದ್ದರೆ ಸಾಕು.

ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು ಇಂಗ್ಲೆಂಡಿನವರು ಕಂಡುಕೊಂಡಿದ್ದಾರೆ. ರೋಲ್ಸ್ ರಾಯ್ಸ್ ಅಭಿಮಾನಿಗಳ ಕ್ಲಬ್ಬು ಕಂಪನಿಯ ಹಳೆಯ ಚಾಸಿ ಕಾರ್ಡುಗಳನ್ನು ಕಾಪಾಡಿಕೊಂಡಿದೆ: ಯಾವ ಚಾಸಿ, ಯಾರಿಗೆ ಹೋಯಿತು, ಬಾಡಿ ಕಟ್ಟಿದವರು ಯಾರು. ನಮ್ಮ ಸಂಸ್ಥಾನಗಳ ಅರಸರು ತರಿಸಿದ ಕಾರುಗಳ ಜಾತಕ ಬೇಕೆಂದರೂ ಇಂಥ ಕಾರ್ಡುಗಳನ್ನೇ ನೋಡಬೇಕು. ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮು ಮಾರಿಸ್, ಎಂಜಿ ಮುಂತಾದ ಕಾರುಗಳ ಉತ್ಪಾದನಾ ಲೆಡ್ಜರ್ ತೆರೆದು ನೋಡಿ ಕಾರಿನ ಹುಟ್ಟಿನ ಪ್ರಮಾಣಪತ್ರ ಕೊಡುತ್ತದೆ. ಹಾಗೆ ಒಂದು ಪತ್ರ ಸಿಕ್ಕರೆ ಕಾರಿನ ಬೆಲೆ ಏರುತ್ತದೆ. ಅಂದರೆ ಯಾವನೋ ಗುಮಾಸ್ತ ಬರೆದಿಟ್ಟ ಒಂದು ಸಾಲು ಗೋಡೆಯ ಬೋರ್ಡಿಗಿಂತ ದೊಡ್ಡ ಆಸ್ತಿ. ಇಲ್ಲಿ ಡೀಲರ್ ಬಾಗಿಲು ಹಾಕಿದಾಗ ಮೊದಲು ಹೊರಗೆ ಬೀಳುವುದು ಜಾಬ್ ಕಾರ್ಡು, ಮಾರಾಟದ ಲೆಡ್ಜರ್, ಸರ್ವಿಸ್ ಬುಲೆಟಿನ್. ಅಂಬಾಸಡರ್ ಎಂಬ ಹೆಸರನ್ನಷ್ಟೇ 2017ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಫ್ರಾನ್ಸಿನ ಪೆಜೊ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿತು. ಆ ಹೆಸರಿಗೆ ಅಷ್ಟು ತೂಕ ತಂದುಕೊಟ್ಟ ಸಾವಿರಾರು ಕಾರುಗಳ ಮಾರಾಟದ ಕಾಗದಕ್ಕೆ ಕಿಲೋ ಲೆಕ್ಕದ ದರ ಕಟ್ಟುವುದು ಯಾವ ನ್ಯಾಯ?

ಈಗಂತೂ ಕಾಗದ ಕಾನೂನಿಗೂ ಬೇಕು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ವಾಹನ ವಿಂಟೇಜ್ ನೋಂದಣಿ ಪಡೆಯಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಮೂಲ ರೂಪ ಯಾವುದು ಎಂದು ಮಾಲೀಕ ತೋರಿಸುವುದು ಹೇಗೆ? ಯಾವ ವರ್ಷದ ಮಾದರಿಗೆ ಯಾವ ಕಾರ್ಬ್ಯುರೇಟರ್, ಯಾವ ದೀಪ, ಯಾವ ಸಂಖ್ಯೆಯ ಎಂಜಿನ್ ಬಂದಿತ್ತು ಎಂಬುದಕ್ಕೆ ಸ್ಪೇರ್ ಪಾರ್ಟ್ಸ್ ಪುಸ್ತಕದಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಪ್ರತಿ ತಿರುಪನ್ನೂ ಬಿಡಿಸಿ ಚಿತ್ರ ಬರೆದು, ಎಷ್ಟನೆಯ ಚಾಸಿ ನಂಬರಿನಿಂದ ಬದಲಾಯಿತು ಎಂದು ಕಂಪನಿಯವರೇ ನಮೂದಿಸಿರುತ್ತಾರೆ. ಗುಜರಿಯ ಹಿರಿಯರ ತಲೆಯಲ್ಲಿರುವ ವಿದ್ಯೆಯ ಒಂದು ಪಾಲು ಅಚ್ಚಾಗಿ ಉಳಿದಿರುವುದು ಅಲ್ಲಿ ಮಾತ್ರ.

ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯ ತೆರೆದಿದೆ, ಧರ್ಮಸ್ಥಳದಲ್ಲೂ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಜನ ಸಂತೋಷದಿಂದ ನೋಡುತ್ತಾರೆ. ಇಂಥ ಕಡೆಗಳಲ್ಲಿ ಕಾಗದಕ್ಕೂ ಒಂದು ಕೋಣೆ ಬೇಕು. ಬೀಗ ಹಾಕಿದ ಕಪಾಟಲ್ಲ, ಮೆಕ್ಯಾನಿಕ್ಕುಗಳು ಬಂದು ಪುಟ ತಿರುವಿ ಫೋಟೊ ತೆಗೆದುಕೊಂಡು ಹೋಗುವ ಮೇಜು. ಡೀಲರ್ ಮನೆತನದವರು ಗೋದಾಮು ಖಾಲಿ ಮಾಡುವ ಮುನ್ನ ರದ್ದಿಯವರಿಗಿಂತ ಮೊದಲು ಅಲ್ಲಿಗೆ ಫೋನ್ ಮಾಡಲಿ. ಗುಜರಿ ಅಂಗಡಿಯವರಿಗೂ ಹೇಳಬೇಕಾದದ್ದಿದೆ: ಲೆಡ್ಜರನ್ನು ಬೋರ್ಡಿನ ಪಕ್ಕದಲ್ಲೇ ಇಡಿ, ಬೋರ್ಡಿನಷ್ಟೇ ಗಟ್ಟಿಯಾಗಿ ಬೆಲೆ ಹೇಳಿ. ಕೊಡುವವರು ಇದ್ದಾರೆ, ಕೇಳಿದವರಿಲ್ಲ, ಅಷ್ಟೇ.