ಕಿಟಕಿಗೆ ಹೊದಿಸಿದ ಕಂಬಳಿ

ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಹಾಸನದಲ್ಲಿ ಮಾಗಿಯ ಚಳಿ ಒಳಬರುವುದು ಕಿಟಕಿಸಂದಿಯಿಂದಲೇ. ಪರದೆಯ ಹಿಂದೆ ಹಳೆಯ ಕುರಿಕಂಬಳಿಯನ್ನು ಒಳಪದರವಾಗಿ ಹೊಲಿದು ನೋಡಿ. ದುಬಾರಿ ಥರ್ಮಲ್ ಕರ್ಟನ್ ಸಪ್ಪೆ ಎನಿಸುತ್ತದೆ. ಗುಂಗುರು ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಇದರ ಗುಟ್ಟು. ಚನ್ನರಾಯಪಟ್ಟಣದ ಬೇಸಿಗೆಯ ಝಳಕ್ಕೂ ಅದೇ ತಡೆ.

ನೇಕಾರರು ಹಾಸುನೂಲಿಗೆ ಹುಣಸೆಬೀಜದ ಗಂಜಿ ತೊಡೆಯುವುದರಿಂದ ಹೊಸ ಕಂಬಳಿ ಬಲು ಒರಟು. ನನ್ನನ್ನು ಕೇಳಿದರೆ, ವರ್ಷಗಟ್ಟಲೆ ಹೊದ್ದು ಮೆದುವಾದದ್ದೇ ಪರದೆಗೆ ಲಾಯಕ್ಕು. ತೂತಾದರೆ ಉಣ್ಣೆನೂಲಿನಲ್ಲೇ ಹಾಸುಹೊಕ್ಕಾಗಿ ಹೆಣೆದು ತುಂಬಬೇಕು. ಅಂಚು ಎಳೆದು ಬಿಗಿದರೆ ಸುಕ್ಕು ಗ್ಯಾರಂಟಿ. ಬಿಸಿನೀರಿಗಂತೂ ಹಾಕಲೇಬೇಡಿ, ಕುಗ್ಗಿ ಗಟ್ಟಿಯಾಗುತ್ತದೆ. ಹೊಲಿಗೆಯ ಬದಲು ಗುಂಡಿ ಇಟ್ಟರೆ ಬಿಚ್ಚಿ ಕೊಡವುವುದು ಸಲೀಸು. ಅರಕಲಗೂಡು ಕಡೆ ಮಳೆ ಹೊಳವಾದ ಮೇಲೆ ಒಂದಿಡೀ ದಿನ ಬಿಸಿಲು ಕಾಣಿಸಿ, ಆಮೇಲೆ ತೂಗುಹಾಕಿ. ಬೆಕ್ಕು ಉಗುರು ಮಸೆಯಲು ಬಂದೇ ಬರುತ್ತದೆ, ಸೂಜಿದಾರ ಕೈಗೆಟುಕುವಂತಿರಲಿ.