ಲೋಟ ಬದಲಾದರೆ ಬೆಳಗು ಬದಲಾಗದು

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ತೋಟಗಳ ಈ ನಾಡಿನಲ್ಲೇ ‘ಬೆಳಗಿನ ಕಾಫಿ ಬಿಟ್ಟೆ’ ಎನ್ನುವವರು ಈಗ ಹಲವು ಮನೆಗಳಲ್ಲಿ ಸಿಗುತ್ತಾರೆ. ಕಾಫಿಯ ಜಾಗಕ್ಕೆ ಕೊತ್ತಂಬರಿ-ಜೀರಿಗೆ ಕಷಾಯ ಬಂದಿದೆ, ರಾಗಿ ಅಂಬಲಿ ಬಂದಿದೆ, ನಿಂಬೆ-ಜೇನಿನ ಬಿಸಿನೀರು, ತಣ್ಣೀರ ಸ್ನಾನ, ಸೂರ್ಯನಮಸ್ಕಾರ ಬಂದಿವೆ. ಇವನ್ನು ಭಕ್ತಿಯಿಂದ ಹೊಗಳುವವರಿದ್ದಾರೆ, ಹಳೇ ಕಾಲದ ಗೀಳು ಎಂದು ತಳ್ಳಿಹಾಕುವವರೂ ಇದ್ದಾರೆ. ಯಾವುದು ಏನು ಕೊಡುತ್ತದೆ, ಯಾವುದು ಏನು ಕೊಡಲಾರದು ಎಂದು ಒಂದೊಂದನ್ನೇ ತೂಗಿ ನೋಡುವವರು ಮಾತ್ರ ಕಡಿಮೆ. ಬೆಳಗಿನ ಚೈತನ್ಯ ಇಡೀ ದಿನದ ದುಡಿಮೆಯನ್ನೂ ಮನಸ್ಸನ್ನೂ ನಿರ್ಧರಿಸುವುದರಿಂದ ಈ ತೂಕ ಅಗತ್ಯ.

ಮೊದಲು ಕಾಫಿಯ ಕೆಲಸವನ್ನೇ ನೋಡೋಣ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆ ಎಳೆಯುತ್ತದೆ. ಚೆನ್ನಾಗಿ ಮಲಗಿದರೆ ಇಳಿಯುತ್ತದೆ. ಕೆಫೀನ್ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ದಣಿವು ಇದ್ದಲ್ಲೇ ಇರುತ್ತದೆ, ಅದರ ಅರಿವು ಮಾತ್ರ ನಮಗೆ ಆಗುವುದಿಲ್ಲ. ದಿನವೂ ಕುಡಿಯುವವರ ಮಿದುಳು ಕ್ರಮೇಣ ಈ ಅಡ್ಡಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಬೆಳಗಿನ ಕಾಫಿ ಮಾಡುವ ದೊಡ್ಡ ಕೆಲಸವೆಂದರೆ, ರಾತ್ರಿಯಿಡೀ ಕೆಫೀನ್ ಸಿಗದೆ ಬಂದ ಮಂಕನ್ನು ಕಳೆಯುವುದು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 379 ಜನರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ರೂಢಿಯಾಗಿ ಕಾಫಿ ಕುಡಿಯುವವರು ಕೆಫೀನ್ ತೆಗೆದುಕೊಂಡ ಮೇಲೆ ಮುಟ್ಟಿದ ಎಚ್ಚರದ ಮಟ್ಟ, ಕೆಫೀನನ್ನು ಹೆಚ್ಚಾಗಿ ಬಳಸದವರು ಅದಿಲ್ಲದೆಯೇ ಇದ್ದ ಮಟ್ಟಕ್ಕಿಂತ ಮೇಲಿರಲಿಲ್ಲ. ಕಾಫಿಯ ರುಚಿ, ಘಮ, ಜೊತೆಗೆ ಕೂತು ಕುಡಿಯುವ ಸಂತೋಷ ಎಲ್ಲವೂ ನಿಜ. ಆದರೆ ದಿನನಿತ್ಯದ ಶಕ್ತಿಯ ಮೂಲವೆಂದು ಅದನ್ನು ನಂಬುವುದಕ್ಕೆ ಆಧಾರ ತೆಳು.

ಹಾಗೆಂದು ಒಂದೇ ಸಲಕ್ಕೆ ಬಿಡುವ ಕ್ರಮವೂ ಒಳ್ಳೆಯದಲ್ಲ. ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು; ಆಯಾಸ, ಸಿಡುಕು, ಮನಸ್ಸು ನಿಲ್ಲದಿರುವುದು ಒಂಬತ್ತು ದಿನಗಳವರೆಗೂ ಕಾಡಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಕೆಫೀನ್ ಬಿಟ್ಟಾಗಿನ ಈ ತೊಂದರೆಯನ್ನು ಅಧಿಕೃತ ರೋಗನಿರ್ಣಯಗಳ ಪಟ್ಟಿಗೆ ಸೇರಿಸಿತು. ಮೂರನೇ ದಿನಕ್ಕೇ ‘ಕಷಾಯ ನನಗೆ ಒಗ್ಗಲಿಲ್ಲ’ ಎಂದು ಮತ್ತೆ ಫಿಲ್ಟರಿಗೆ ಕೈಹಾಕುವವರಲ್ಲಿ ಎಷ್ಟೋ ಮಂದಿಯನ್ನು ಸೋಲಿಸಿದ್ದು ಕಷಾಯವಲ್ಲ, ಈ ತಲೆನೋವು. ಡಿಕಾಕ್ಷನ್ನನ್ನು ವಾರಕ್ಕಿಷ್ಟು ಎಂದು ತಗ್ಗಿಸುತ್ತಾ ಬಂದರೆ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಈಗ ಬದಲಿಗಳು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯ, ಒಣಶುಂಠಿ ಹುರಿದು ಪುಡಿಮಾಡಿ, ಬೆಲ್ಲ ಹಾಕಿ ಕುದಿಸುವ ಕಷಾಯ ಹಿತವಾದ ಪೇಯ. ಗಂಟಲಿಗೆ, ಹೊಟ್ಟೆಗೆ ಬೆಚ್ಚಗೆ ಇಳಿಯುತ್ತದೆ. ಅದರಲ್ಲಿ ಕೆಫೀನ್ ಇಲ್ಲ, ಹಾಗಾಗಿ ಎಚ್ಚರಿಸುವ ಶಕ್ತಿಯೂ ಇಲ್ಲ. ಅದನ್ನು ಕುಡಿದ ಕೂಡಲೆ ಅನಿಸುವ ಲವಲವಿಕೆ ಬಿಸಿಯಿಂದ, ಬೆಲ್ಲದಿಂದ, ಕೈಯಲ್ಲಿ ಲೋಟ ಹಿಡಿದು ಕೂರುವ ರೂಢಿಯಿಂದ ಬಂದದ್ದು. ರೂಢಿಯನ್ನು ಉಳಿಸಿಕೊಂಡು ಕೆಫೀನ್ ಬಿಡಬೇಕೆನ್ನುವವರಿಗೆ ಕಷಾಯ ಬಹಳ ಒಳ್ಳೆಯ ಜೊತೆಗಾರ. ಗ್ರೀನ್ ಟೀಗೆ ಬದಲಾದವರು ಮಾತ್ರ ಕೆಫೀನ್ ಬಿಟ್ಟಂತಾಗಲಿಲ್ಲ. ಪ್ರಮಾಣ ಕಡಿಮೆಯಾಯಿತು, ಅಷ್ಟೆ.

ರಾಗಿ ಅಂಬಲಿಯ ಮಾತು ಬೇರೆ. ಅದು ಆಹಾರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ನಾರಿನಂಶವಿದೆ, ಮಜ್ಜಿಗೆ ಬೆರೆಸಿದರೆ ಒಂದಿಷ್ಟು ಪ್ರೋಟೀನೂ ಸೇರುತ್ತದೆ. ಹೊಲಕ್ಕೆ ಹೋಗುವ ಮುನ್ನ ಅಂಬಲಿ ಕುಡಿದು ಹೊರಡುತ್ತಿದ್ದ ಬಯಲುಸೀಮೆಯ ರೈತರು ನಿಜವಾದ ಅರ್ಥದಲ್ಲಿ ಶಕ್ತಿಯನ್ನು ಕುಡಿದೇ ಹೋಗುತ್ತಿದ್ದರು. ಕಾಫಿಯಿಂದ ಹಸಿವನ್ನು ಮುಚ್ಚಿಟ್ಟು ಹತ್ತು ಗಂಟೆಗೆ ಕುಸಿಯುವವರಿಗೆ ಅಂಬಲಿ ತಕ್ಕ ಉತ್ತರ. ಬೆಳಗಿನ ಬದಲಿ ಪೇಯಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಇನ್ನು ಮೈಗೆ ಸಂಬಂಧಿಸಿದ ಕ್ರಮಗಳು. ತಣ್ಣೀರ ಸ್ನಾನ ಮೈಯನ್ನು ಬೆಚ್ಚಿಬೀಳಿಸುತ್ತದೆ. ಉಸಿರು, ಎದೆಬಡಿತ ಏರಿ ಎಚ್ಚರ ಬರುತ್ತದೆ. ಆ ಎಚ್ಚರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಸೂರ್ಯನಮಸ್ಕಾರದ ಗುಣ ಇದಕ್ಕಿಂತ ಗಟ್ಟಿ. ಅದನ್ನು ನಿತ್ಯದ ವ್ಯಾಯಾಮವಾಗಿ ಜನಪ್ರಿಯಗೊಳಿಸಿದವರಲ್ಲಿ ಔಂಧ್ ಸಂಸ್ಥಾನದ ರಾಜರು ಪ್ರಮುಖರು. ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಕ್ರಮ ಶುರುವಾಗುವುದೇ ಅದರಿಂದ. ಆ ಮೈಸೂರಿನ ಯೋಗ ವಿದ್ಯಾರ್ಥಿಗಳ ನಡುವೆ ‘ನೋ ಕಾಫಿ, ನೋ ಪ್ರಾಣ’ ಎಂಬ ಮಾತೂ ಪ್ರಸಿದ್ಧ. ಯೋಗ ಮಾಡುವವರು ಕಾಫಿಯನ್ನು ವೈರಿಯೆಂದು ಕಾಣಬೇಕಿಲ್ಲ ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ವ್ಯಾಯಾಮದ ಪರವಾಗಿ ಹೆಚ್ಚಾಗಿ ಉಲ್ಲೇಖವಾಗುವುದು ಜಾರ್ಜಿಯಾ ವಿಶ್ವವಿದ್ಯಾಲಯದ 2017ರ ಅಧ್ಯಯನ. ನಿದ್ದೆ ಕಡಿಮೆಯಾದ ಯುವತಿಯರಿಗೆ 50 ಮಿಲಿಗ್ರಾಂ ಕೆಫೀನಿಗಿಂತ ಹತ್ತು ನಿಮಿಷ ಮೆಟ್ಟಿಲು ಹತ್ತಿಳಿದದ್ದು ಹೆಚ್ಚು ಚೈತನ್ಯ ತಂದಿತು ಎಂಬುದು ಅದರ ಫಲಿತಾಂಶ. ಇದನ್ನು ಎಚ್ಚರಿಕೆಯಿಂದ ಓದಬೇಕು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಂದರೆ ಅಲ್ಲಿ ಮೆಟ್ಟಿಲು ಗೆದ್ದದ್ದು ನಮ್ಮ ಲೋಟದ ಅರ್ಧದಷ್ಟರ ಎದುರಿಗೆ. ಆ ಲಾಭವೂ ಅಲ್ಪಕಾಲದ್ದು. ಆದರೂ ಮೈ ಕದಲಿಸಿದರೆ ಮಂಕು ಕಳೆಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಎಲ್ಲಕ್ಕಿಂತ ಬಲವಾದದ್ದೂ ಖರ್ಚಿಲ್ಲದ್ದೂ ಬೆಳಗಿನ ಬೆಳಕು. ನಮ್ಮ ದೇಹದ ಒಳಗಡಿಯಾರ ಕೆಲಸ ಮಾಡುವ ಬಗೆಯನ್ನು ಬಿಡಿಸಿಟ್ಟ ಹಾಲ್, ರಾಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರವನ್ನು ದಿನದಿನವೂ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು. ಮನೆಯೊಳಗಿನ ದೀಪ ಕೊಡುವುದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಮೋಡ ಕವಿದ ದಿನವೂ ಹೊರಗಡೆ ಸಾವಿರಾರು ಲಕ್ಸ್ ಇರುತ್ತದೆ. ಎದ್ದ ಸ್ವಲ್ಪ ಹೊತ್ತಿಗೆ ಅಂಗಳಕ್ಕೋ ತಾರಸಿಗೋ ಬಂದು ಇಪ್ಪತ್ತು ನಿಮಿಷ ನಡೆದಾಡಿದರೆ ಬೆಳಕೂ ಚಲನೆಯೂ ಒಟ್ಟಿಗೆ ಸಿಗುತ್ತವೆ. ಅಂದಿನ ಎಚ್ಚರ ಮಾತ್ರವಲ್ಲ, ಅಂದಿನ ರಾತ್ರಿಯ ನಿದ್ದೆಯೂ ಸಮಯಕ್ಕೆ ಬರುತ್ತದೆ.

ಮುಖ್ಯ ಪ್ರಶ್ನೆ ಆ ನಿದ್ದೆಯದೇ. ಆಯುರ್ವೇದದ ಅಷ್ಟಾಂಗಹೃದಯ ದಿನಚರಿಯನ್ನು ಬ್ರಾಹ್ಮೀಮುಹೂರ್ತದಲ್ಲಿ ಏಳುವುದರಿಂದ ಆರಂಭಿಸುತ್ತದೆ. ಕತ್ತಲಾದ ಸ್ವಲ್ಪ ಹೊತ್ತಿಗೇ ಮಲಗುತ್ತಿದ್ದ ಕಾಲಕ್ಕೆ ಅದು ಹೊಂದುತ್ತಿತ್ತು. ಹನ್ನೆರಡಕ್ಕೆ ಫೋನ್ ಕೆಳಗಿಟ್ಟು ನಾಲ್ಕೂವರೆಗೆ ಎದ್ದು ಅದೇ ಶಿಸ್ತನ್ನು ಪಾಲಿಸಿದರೆ ಅದು ನಿದ್ದೆಗೇಡು. ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. 2013ರ ಅಮೆರಿಕದ ಅಧ್ಯಯನವೊಂದರಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಡಿಮೆಯಾಯಿತು. ಅಷ್ಟು ದೊಡ್ಡ ಪ್ರಮಾಣ ನಮ್ಮ ಸಂಜೆಯ ಲೋಟದಲ್ಲಿಲ್ಲ. ಆದರೂ ಬೆಳಗ್ಗೆ ಮಂಕು ಎನ್ನುವವರು ಮೊದಲು ಬಿಟ್ಟು ನೋಡಬೇಕಾದದ್ದು ಸಂಜೆಯ ಕಾಫಿ.

ಈ ಸಲಹೆಗಳಲ್ಲಿ ಒಂದು ದೊಡ್ಡ ಕೊರತೆ ಇದೆ. ಅವು ತಮ್ಮ ಹೊತ್ತು ತಮ್ಮ ಕೈಯಲ್ಲಿರುವವರಿಗೆ ಹೇಳಿದವು. ಎಲ್ಲರಿಗಿಂತ ಕೊನೆಗೆ ಮಲಗಿ, ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವ ಹೆಂಗಸಿಗೆ, ರಾತ್ರಿಪಾಳಿಯ ನರ್ಸಿಗೆ, ನಸುಕಿನಲ್ಲೇ ಬಸ್ಸು ಹಿಡಿಯುವ ಗಾರ್ಮೆಂಟ್ಸ್ ಕಾರ್ಮಿಕರಿಗೆ ‘ಎಂಟು ಗಂಟೆ ಮಲಗಿ, ಬಿಸಿಲಲ್ಲಿ ನಡೆಯಿರಿ’ ಎನ್ನುವುದು ಅವರ ದಿನವನ್ನು ನೋಡದೆ ಆಡಿದ ಮಾತು. ಅವರ ದಣಿವಿಗೆ ಮದ್ದು ಕಷಾಯದಲ್ಲಿಲ್ಲ. ಮನೆಗೆಲಸ ಹಂಚಿಕೊಳ್ಳುವುದರಲ್ಲಿದೆ, ಪಾಳಿಯ ನ್ಯಾಯದಲ್ಲಿದೆ, ರಕ್ತಹೀನತೆಯ ತಪಾಸಣೆಯಲ್ಲಿದೆ. ಕಾಫಿ-ಟೀಯನ್ನು ಊಟ-ತಿಂಡಿಗೆ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಆಮೇಲೆ ಕುಡಿಯಿರಿ, ಇಲ್ಲದಿದ್ದರೆ ಆಹಾರದ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ ಎಂದು 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಹೇಳಿದೆ. ಇಡ್ಲಿಯ ಜೊತೆಗೇ ಕಾಫಿ ಕುಡಿಯುವ ನಮ್ಮ ಮನೆಗಳು ಈ ಒಂದು ಮಾತನ್ನಾದರೂ ಕೇಳಬೇಕು.

ನನ್ನ ತೀರ್ಪು ಇಷ್ಟು: ಬೆಳಕು ಮತ್ತು ನಡಿಗೆಗೆ ಪೂರ್ಣ ಅಂಕ, ಅಂಬಲಿಗೆ ಅದರ ನಂತರದ ಸ್ಥಾನ, ಕಷಾಯಕ್ಕೆ ಒಳ್ಳೆಯ ಜೊತೆಗಾರನ ಗೌರವ, ತಣ್ಣೀರಿಗೆ ಇಷ್ಟವಿದ್ದವರ ಆಯ್ಕೆಯ ಜಾಗ. ನಿದ್ದೆ ತುಂಬಿದವರಿಗೆ ಇವೆಲ್ಲ ಫಲ ಕೊಡುತ್ತವೆ. ನಿದ್ದೆಗೆಟ್ಟವರಿಗೆ ಯಾವುದೂ ಹೆಚ್ಚು ದಿನ ನೆರವಾಗದು. ಆದ್ದರಿಂದ ಲೋಟದಲ್ಲಿ ಏನಿರಬೇಕು ಎಂದು ಯೋಚಿಸುವ ಮೊದಲು ಇಂದು ರಾತ್ರಿ ಒಂದು ಗಂಟೆ ಬೇಗ ಮಲಗಿ. ನಿಮ್ಮ ಮನೆಯಲ್ಲಿ ಮೊದಲು ಏಳುವವರಿಗೂ ಆ ಒಂದು ಗಂಟೆ ಸಿಗುವಂತೆ ಮಾಡಿ.