ಹಳೆಯದಾದರೂ ಅಗ್ಗವಾಗದ ಕನ್ಸೋಲ್

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮನೆಗಳಿಗೆ ವಿಡಿಯೋ ಗೇಮ್ ಕನ್ಸೋಲ್ ಬಿಡುಗಡೆಯ ದಿನವೇ ಬರುವುದು ಅಪರೂಪ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ದುಡಿಯುವ ಅಣ್ಣ ತಾನು ಆಡಿದ್ದನ್ನು ಊರಿಗೆ ತಂದುಕೊಡುತ್ತಾನೆ. ಇಲ್ಲವೇ ಬೆಲೆ ಇಳಿಯಲಿ ಎಂದು ನಾಲ್ಕಾರು ವರ್ಷ ಕಾಯುತ್ತೇವೆ. ಹಾಗೆ ಕಾಯುವುದರಲ್ಲಿ ಅರ್ಥವಿತ್ತು. ಅಮೆರಿಕದಲ್ಲಿ 2000ರಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2, 2009ರಲ್ಲಿ 99 ಡಾಲರಿಗೆ ಸಿಗುತ್ತಿತ್ತು. ಚಿಪ್ ಮಾಡುವ ತಂತ್ರ ಸುಧಾರಿಸಿದಂತೆ ಅದರ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡನ್ನೂ ಒಂದೇ ಸಣ್ಣ ಚಿಪ್ಪಿಗೆ ಇಳಿಸಿದರು. ಒಂದು ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ ಸಿಕ್ಕವು, ಖರ್ಚು ತಗ್ಗಿತು, ಪೆಟ್ಟಿಗೆಯೂ ತೆಳ್ಳಗಾಯಿತು.

ಈ ಲೆಕ್ಕ ಈಗ ತಪ್ಪಿದೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, ಡಿಸ್ಕ್ ಇರುವುದಕ್ಕೆ 49,990 ರೂಪಾಯಿ. 2022ರ ನವೆಂಬರಿನಲ್ಲಿ ಅದೇ ಯಂತ್ರಕ್ಕೆ 54,990. ಅದೇ ವರ್ಷ ಅದರ ಚಿಪ್ ಮಾಡುವ ತಂತ್ರ 7 ನ್ಯಾನೋಮೀಟರಿನಿಂದ 6ಕ್ಕೆ ಇಳಿದಿತ್ತು, ಬೆಲೆ ಮಾತ್ರ ಏರಿತು. ಅಮೆರಿಕದಲ್ಲಿ 499 ಡಾಲರಿಗೆ ಶುರುವಾದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025ರ ಅಕ್ಟೋಬರಿನಲ್ಲಿ 649ಕ್ಕೆ ಮುಟ್ಟಿತು. ಐದು ವರ್ಷದ ಹಳೆಯ ಯಂತ್ರ ಹೊಸದಾಗಿದ್ದಾಗಿನದಕ್ಕಿಂತ ದುಬಾರಿ! ಕಾದು ಕೊಳ್ಳುವ ನಮ್ಮಂಥ ಊರುಗಳಿಗೆ ಇದಕ್ಕಿಂತ ಕೆಟ್ಟ ಸುದ್ದಿಯಿಲ್ಲ.

ಚಿಪ್ ಕೊರತೆಯಿಂದ ಕನ್ಸೋಲಿಗೆ ಕಷ್ಟ ಬಂದದ್ದು ಇದೇ ಮೊದಲಲ್ಲ, ಆದರೆ 2021ರ ಕೊರತೆಯ ಸ್ವಭಾವ ಬೇರೆಯಿತ್ತು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತ ಜಗತ್ತು ಲ್ಯಾಪ್‌ಟಾಪ್, ಟಿವಿ, ಕನ್ಸೋಲ್ ಎಲ್ಲವನ್ನೂ ಒಟ್ಟಿಗೇ ಕೇಳಿತು. ತೈವಾನಿನ ಟಿಎಸ್‌ಎಂಸಿಯಲ್ಲಿ ತಯಾರಾಗುವ ಎಎಂಡಿಯ ಮುಖ್ಯ ಚಿಪ್ ಇದ್ದರೂ ವಿದ್ಯುತ್ ನಿಯಂತ್ರಿಸುವ ಅಗ್ಗದ ಒಂದು ಚಿಪ್ ಇಲ್ಲದಿದ್ದರೆ ಕನ್ಸೋಲ್ ಕಾರ್ಖಾನೆಯಿಂದ ಹೊರಡುವಂತಿರಲಿಲ್ಲ. ಭಾರತದಲ್ಲಿ ಪ್ಲೇಸ್ಟೇಷನ್ 5ರ ಮುಂಗಡ ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅದನ್ನು ತಯಾರಿಸುವ ಸೋನಿ ತನ್ನ ವರ್ಷದ ಮಾರಾಟದ ಗುರಿಯನ್ನು 1.48 ಕೋಟಿಯಿಂದ 1.15 ಕೋಟಿಗೆ ಇಳಿಸಿಕೊಂಡಿತು. 2023ರ ಆರಂಭಕ್ಕೆ ಆ ಕಷ್ಟ ಕಳೆಯಿತು.

ಈಗಿನದು ಮೆಮೊರಿಯ ಕೊರತೆ. ಜಗತ್ತಿನ ಬಹುಪಾಲು ಡಿರ್‍ಯಾಮ್ ಎಂಬ ಮೆಮೊರಿ ಚಿಪ್ ಮಾಡುವವರು ಮೂವರೇ: ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಕೇಳಿದ ಬೆಲೆ ಕೊಟ್ಟು ಅದನ್ನು ಎತ್ತುತ್ತಿವೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಪ್ಲೇಸ್ಟೇಷನ್ 5ಕ್ಕೆ 16 ಜಿಬಿ ಮೆಮೊರಿ ಬೇಕೇ ಬೇಕು. ಕನ್ಸೋಲಿನಲ್ಲಿ ಲಾಭ ಕಡಿಮೆ, ಹಾಗಾಗಿ ಸರ್ವರ್ ಕಂಪನಿಗಳೊಡನೆ ಬೆಲೆಗೆ ಪೈಪೋಟಿ ಮಾಡಲಾಗದು. ಮೇಲಿನವರು ನೀರೆತ್ತಿಕೊಂಡರೆ ಕಾಲುವೆಯ ಕೊನೆಭಾಗದ ಗದ್ದೆ ಏನಾಗುತ್ತದೆಂದು ತುಂಗಭದ್ರಾ ಎಡದಂಡೆಯ ಜನರಿಗೆ ಬಿಡಿಸಿ ಹೇಳಬೇಕಿಲ್ಲ. 1988ರಲ್ಲೂ ಮೆಮೊರಿ ಚಿಪ್ ಸಿಗದೆ ನಿಂಟೆಂಡೊದ ಎರಡನೆಯ ಜೆಲ್ಡಾ ಆಟ ಅಮೆರಿಕಕ್ಕೆ ತಡವಾಗಿ ಬಂದಿತ್ತು. ಆದರೆ ಆಗ ಆಟಕ್ಕೆ ಬೇಕಿದ್ದ ಚಿಪ್ಪನ್ನು ಇಷ್ಟು ದೊಡ್ಡ ಕುಳಗಳು ಬಾಚಿಕೊಳ್ಳುತ್ತಿರಲಿಲ್ಲ.

ಕೊರತೆಯಿಂದ ಒಂದು ಒಳ್ಳೆಯದೂ ಆಗಿದೆ: ಹಳೆಯ ಯಂತ್ರಗಳ ಆಯಸ್ಸು ಬೆಳೆದಿದೆ. 2022ರ ನವೆಂಬರಿನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಆಟ ಒಂಬತ್ತು ವರ್ಷದ ಪ್ಲೇಸ್ಟೇಷನ್ 4ರಲ್ಲೂ ಸೊಗಸಾಗಿ ಓಡಿತು. ಆದರೆ ನನಗೆ ಹೆದರಿಕೆಯಿರುವುದು ಖರ್ಚು ಉಳಿಸಲು ಕಂಪನಿಗಳು ಏನನ್ನು ಕಿತ್ತುಹಾಕುತ್ತವೆ ಎಂಬುದರ ಬಗ್ಗೆ. 2024ರ ಪ್ಲೇಸ್ಟೇಷನ್ 5 ಪ್ರೊ ಡಿಸ್ಕ್ ಡ್ರೈವ್ ಇಲ್ಲದೆಯೇ ಬಂತು. ಬೇಕಾದರೆ ಬೇರೆಯಾಗಿ ಕೊಳ್ಳಬೇಕು. ನಮ್ಮಲ್ಲಿ ಒಂದು ಡಿಸ್ಕ್ ಗೆಳೆಯರ ಮನೆಮನೆ ತಿರುಗುತ್ತದೆ, ಆಡಿ ಮುಗಿದ ಮೇಲೆ ಅರ್ಧ ಬೆಲೆಗೆ ಮಾರಾಟವಾಗುತ್ತದೆ. ಡೌನ್‌ಲೋಡ್ ಮಾಡಿದ ಆಟವನ್ನು ಹಾಗೆ ಕೈ ಬದಲಿಸಲು ಬರುವುದಿಲ್ಲ.

ಮುಂದಿನ ಕನ್ಸೋಲ್ ಎರಡು ವರ್ಷ ತಡವಾಗಿಯೇ ಬರಲಿ, ಡಿಸ್ಕ್ ಉಳಿಸಿಕೊಂಡು ಬರಲಿ. ಈಗ ಕೊಳ್ಳಬೇಕೆನ್ನುವವರು ಡಿಸ್ಕ್ ಇರುವುದನ್ನೇ ಕೊಳ್ಳಿ. ಬೆಲೆ ಇಳಿಯಲೆಂದು ಕಾಯುವುದರಿಂದ ಈ ಸಲ ಪ್ರಯೋಜನ ಕಾಣೆ. ಪ್ಲೇಸ್ಟೇಷನ್ 4 ಇದ್ದವರು ಅದನ್ನು ಮಾರಬೇಡಿ. ಬೇಸಿಗೆ ಶುರುವಾಗುವ ಮೊದಲು ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸಿ.